ಹುಳುಮನೆಯ ಗಾಳಿ ಮತ್ತು ತೇವ

ರೇಷ್ಮೆಯನ್ನು ಕುರಿತು ನಮ್ಮಲ್ಲಿ ಮಾತನಾಡುವವರು ಸಾಮಾನ್ಯವಾಗಿ ಸೊಪ್ಪಿನ ವಿಷಯವನ್ನೂ ಗೂಡಿನ ಧಾರಣೆಯನ್ನೂ ಎತ್ತುವರೇ ಹೊರತು, ಗಾಳಿಯ ಮಾತನ್ನೆತ್ತುವುದು ಅಪರೂಪ. ಗಾಳಿಗೆ ದುಡ್ಡು ಕೊಡಬೇಕಾಗಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವ ವಾಡಿಕೆಯಿಲ್ಲ. ಆದರೆ ಶಿಡ್ಲಘಟ್ಟದ ಸುತ್ತಣ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದ ನಾನು, ಬೆಳೆ ಕೈಗೆ ಹತ್ತುವುದೂ ತಿಪ್ಪೆಗೆ ಹೋಗುವುದೂ ಎಷ್ಟೋ ಸಲ ಗಾಳಿ, ತೇವಗಳ ಮೇಲೆಯೇ ನಿಂತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಲ್ಲಿ ಕಟ್ಟಿದ ಶುಲ್ಕವೆಲ್ಲ ಗೂಡಿನ ಮಾರುಕಟ್ಟೆಯಿಂದ ಬಂದದ್ದು. ಬಿ.ಎ. ವಿದ್ಯಾರ್ಥಿಗೆ ಉಷ್ಣಮಾಪಕದ ಗೊಡವೆಯೇಕೆಂದು ಕೇಳುವ ವಿಜ್ಞಾನದ ಮಿತ್ರರಿಗೆ ಇಷ್ಟು ಸಮಾಧಾನ ಸಾಕು.

ಮೊದಲು ಒಂದು ಸಣ್ಣ ಲೆಕ್ಕವನ್ನು ನೋಡೋಣ. ಒಂದು ಚಿಟ್ಟೆ ಇಟ್ಟ ತತ್ತಿಗಳ ಗುಂಪನ್ನೇ ನಮ್ಮ ಕಡೆ ಒಂದು 'ಮೊಟ್ಟೆ' ಎನ್ನುತ್ತಾರೆ. ನೂರು ಮೊಟ್ಟೆ ಮೇಯಿಸುವುದೆಂದರೆ ಸುಮಾರು 40ರಿಂದ 50 ಸಾವಿರ ಹುಳುಗಳನ್ನು ಸಾಕಿದಂತೆ. ಗೂಡು ಕಟ್ಟುವ ವೇಳೆಗೆ ಇವು ಹೆಚ್ಚು ಕಡಿಮೆ ಒಂದು ಟನ್ ಸೊಪ್ಪನ್ನು ಬೇಡುತ್ತವೆ. ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ. ಎಂದಮೇಲೆ, ಸುಮಾರು 25 ದಿನಗಳಲ್ಲಿ 700 ಲೀಟರಿನಷ್ಟು ನೀರನ್ನು ನಾವೇ ತಲೆಯ ಮೇಲೆ ಹೊತ್ತು ತಂದು ಹುಳುಮನೆಯೊಳಗೆ ಇಟ್ಟಂತಾಯಿತು. ಅದರಲ್ಲೂ ಬಹುಪಾಲು ಕಡೆಯ ಏಳೆಂಟು ದಿನಗಳಲ್ಲಿ. ಗೂಡಾಗಿ ಹೊರಗೆ ಹೋಗುವುದು ಅರುವತ್ತೆಪ್ಪತ್ತು ಕಿಲೋ. ಮಿಕ್ಕದ್ದು ಹಿಕ್ಕೆಯಲ್ಲಿ, ತಿಂದುಳಿದ ಸೊಪ್ಪಿನಲ್ಲಿ, ಗಾಳಿಯಲ್ಲಿ ನಿಲ್ಲುತ್ತದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಅದು ಹೋಗಬೇಕಾದರೂ ಎಲ್ಲಿಗೆ?

ಹಾಗೆಂದು ತೇವವೇ ಶತ್ರುವಲ್ಲ. ಇಲ್ಲಿಯೇ ಈ ಕಸುಬಿನ ತೊಡಕಿರುವುದು. ಚಾಕಿ ಹುಳುವಿಗೆ, ಅಂದರೆ ಮೊದಲೆರಡು ಹಂತದ ಮರಿಗೆ, 27–28 ಡಿಗ್ರಿ ಸೆಂಟಿಗ್ರೇಡ್ ಶಾಖವೂ ನೂರಕ್ಕೆ 80–90ರಷ್ಟು ಆರ್ದ್ರತೆಯೂ ಬೇಕು. ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುವುದರಿಂದ, ಗಾಳಿ ಒಣಗಿದ್ದರೆ ಮರಿ ಬಾಯಿಡುವುದರೊಳಗೆ ಅದು ಬಾಡಿಹೋಗುತ್ತದೆ. ಆದ್ದರಿಂದಲೇ ತಟ್ಟೆಗೆ ಮೇಣದ ಕಾಗದ ಹೊದಿಸುವುದು, ಸುತ್ತ ಒದ್ದೆ ಸ್ಪಂಜು ಇಡುವುದು. ಐದನೆಯ ಹಂತಕ್ಕೆ ಬಂದ ಹುಳುವಿನ ಪಾಡೇ ಬೇರೆ. ಅದಕ್ಕೆ 24 ಡಿಗ್ರಿ ತಂಪೂ 70ರಷ್ಟು ಆರ್ದ್ರತೆಯೂ ಧಾರಾಳವಾದ ಗಾಳಿಯೂ ಬೇಕು. ಮರಿಗೆ ತಾಯಿಯಂತಿದ್ದ ತೇವ ಬೆಳೆದ ಹುಳುವಿಗೆ ಮಲತಾಯಿಯಾಗುತ್ತದೆ. ಇವೆರಡರ ನಡುವೆ ನಾಲ್ಕು ಜ್ವರಗಳುಂಟು. ಪೊರೆ ಕಳಚುವುದಕ್ಕೆ ನಾವು 'ಜ್ವರ' ಎನ್ನುತ್ತೇವೆ. ಅನ್ನ ಬಿಟ್ಟು ತಲೆಯೆತ್ತಿ ಕೂತ ಹುಳುವಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವ ಪುಸ್ತಕದಲ್ಲಿಯೂ ಸಿಕ್ಕಲಾರದು. ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು. ಕಾಗದ ತೆಗೆದು, ತೆಳುವಾಗಿ ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಬಿಡಬೇಕು.

ಆರ್ದ್ರತೆಯನ್ನು ಅಳೆಯುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಎರಡು ಉಷ್ಣಮಾಪಕಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದರಾಯಿತು. ನೀರು ಆರುವಾಗ ಬಟ್ಟೆ ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ಎರಡರ ಅಂತರ ಹೆಚ್ಚು. ಒಣ ಮಾಪಕ 27, ಒದ್ದೆಯದು 25 ತೋರಿದರೆ ಆರ್ದ್ರತೆ ಸುಮಾರು 85: ಚಾಕಿಗೆ ಹಿತ. ಒಣದ್ದು 25, ಒದ್ದೆಯದು 21 ಆದರೆ ಸುಮಾರು 70: ದೊಡ್ಡ ಹುಳುವಿಗೆ ಹಿತ.

ಚಳಿಗಾಲದಲ್ಲಿ ಇನ್ನೊಂದು ಚಮತ್ಕಾರವಿದೆ. ಗಾಳಿ ಬಿಸಿಯಾದಂತೆಲ್ಲ ಹೆಚ್ಚು ನೀರನ್ನು ಹಿಡಿಯಬಲ್ಲದು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವುದು ಸುಮಾರು 17 ಗ್ರಾಂ. 27ರಲ್ಲಿ ಸುಮಾರು 26 ಗ್ರಾಂ. ಆದುದರಿಂದ 90ರಷ್ಟು ತೇವವಿದ್ದ 20 ಡಿಗ್ರಿಯ ಕೋಣೆಯನ್ನು ಬರಿಯ ಕೆಂಡವಿಟ್ಟು 27ಕ್ಕೆ ಏರಿಸಿದರೆ, ಒಂದು ತೊಟ್ಟು ನೀರೂ ಹೊರಹೋಗದೆ ಆರ್ದ್ರತೆ 60ಕ್ಕೆ ಇಳಿಯುತ್ತದೆ. ಒಲೆಯ ಮೇಲೆ ನೀರಿನ ಪಾತ್ರೆ ಇಡುವ ಹಿರಿಯರ ಪದ್ಧತಿಗೆ ಕಾರಣ ಇದೇ. ಆದರೆ ಇದ್ದಿಲ ಕುಂಪಟಿಯನ್ನು ಮುಚ್ಚಿದ ಕೋಣೆಯಲ್ಲಿಡುವ ರೂಢಿಯನ್ನು ನಾನು ಎಂದಿಗೂ ಒಪ್ಪಲಾರೆ. ಅದರಿಂದ ಹೊರಡುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹುಳುವಿನ ಮಾತು ಹಾಗಿರಲಿ. ಜಾಗ ಸಾಲದ ಮನೆಗಳಲ್ಲಿ ತಟ್ಟೆಗಳ ಪಕ್ಕದಲ್ಲೇ ಮಕ್ಕಳು ಮಲಗುತ್ತಾರೆ. ಸುಣ್ಣ ಉದುರಿಸುವಾಗಲೂ ರಾತ್ರಿ ಸೊಪ್ಪು ಹಾಕುವಾಗಲೂ ಆ ಗಾಳಿಯನ್ನು ಉಸಿರಾಡುವವರು ಹೆಚ್ಚಾಗಿ ಹೆಂಗಸರು.

ಕಿಟಕಿ ತೆರೆಯಿರೆಂದು ಹೇಳುವುದು ಸುಲಭ. ನಮ್ಮ ತಾಯಿ ಈ ಮಾತಿಗೆ ಒಮ್ಮೆ, "ತೆಗೀತೀನಪ್ಪ, ಊಜಿ ನೊಣಕ್ಕೆ ಯಾರು ಹೇಳ್ತಾರೆ?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಬಂಗಾಳದ ಕಡೆಯಿಂದ 1980ರಲ್ಲಿ ಕರ್ನಾಟಕಕ್ಕೆ ಬಂದ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಗೆ ಕೊರೆದು ಹುಳುವನ್ನೇ ತಿನ್ನುತ್ತದೆ. ಇದಕ್ಕೆ ಹೆದರಿ ಬಾಗಿಲು ಕಿಟಕಿಗಳಿಗೆಲ್ಲ ಬಲೆ ಕಟ್ಟಿದೆವು. ಬಲೆಯ ಕಣ್ಣುಗಳಲ್ಲಿ ಧೂಳು ತುಂಬಿದಾಗ ನೊಣದೊಡನೆ ಗಾಳಿಯೂ ಹೊರಗೇ ನಿಂತಿತು. ಬಲೆ ಕಟ್ಟಿದ ಮನೆಗೆ ಕಿಟಕಿಗಳು ಮೊದಲಿಗಿಂತ ದೊಡ್ಡವಾಗಿರಬೇಕು, ಬೆಳೆ ಮುಗಿದಾಗಲೆಲ್ಲ ಬಲೆಯನ್ನು ತೊಳೆಯಬೇಕು.

ಇಲ್ಲದಿದ್ದರೆ ಮಳೆಗಾಲದ ಕೊನೆಯಲ್ಲಿ ಸುಣ್ಣಕಟ್ಟು ಕಾಣಿಸಿಕೊಳ್ಳುತ್ತದೆ. ತಂಪು ಮತ್ತು ತೇವ ಒಟ್ಟಾದಾಗ ಹಬ್ಬುವ ಬೂಷ್ಟು ಅದು. ಸತ್ತ ಹುಳು ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಬಿರುಸಾಗುತ್ತದೆ. ಈ ರೋಗಕ್ಕೆ ಜೀವವಿರುವ ಬೂಷ್ಟೇ ಕಾರಣವೆಂದು ಇಟಲಿಯ ಅಗೊಸ್ತೀನೊ ಬಾಸ್ಸಿ ಎಂಬಾತ 1835ರಲ್ಲಿ ಪ್ರಕಟಿಸಿದ. ಪಾಸ್ಚರನು ರೇಷ್ಮೆಹುಳುವಿನ ರೋಗಗಳಿಗೆ ಕೈಹಾಕಿದ್ದು ಅದಾದ 30 ವರ್ಷಗಳ ಮೇಲೆ. ರೋಗಾಣು ಎಂಬ ವಿಚಾರವೇ ಮನುಷ್ಯನಿಗಿಂತ ಮೊದಲು ಹುಳುಮನೆಯಲ್ಲಿ ಸಿದ್ಧಪಟ್ಟಿತೆಂದರೆ ನಮ್ಮ ಇತಿಹಾಸದ ಅಧ್ಯಾಪಕರು ಬೇಸರಿಸಲಾರರೆಂದು ನಂಬಿದ್ದೇನೆ.

ಹೊಸದಾಗಿ ಕಟ್ಟುವವರು ಮನೆಯ ಉದ್ದ ಪೂರ್ವಪಶ್ಚಿಮಕ್ಕಿರುವಂತೆ ನೋಡಿಕೊಂಡು, ಎದುರುಬದುರಾಗಿ ಕಿಟಕಿಗಳನ್ನೂ ಸೂರಿನ ಕೆಳಗೆ ಗವಾಕ್ಷಿಗಳನ್ನೂ ಬಿಡಬೇಕು. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೋದರೆ ತಂಪು ಗಾಳಿ ಕೆಳಗಿನಿಂದ ಬರುತ್ತದೆ.

ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಮೇಲೆ ಕೆಲಸ ಮುಗಿಯಿತೆಂದು ಎಲ್ಲರೂ ನಿದ್ದೆ ಮಾಡುವುದುಂಟು. ಆದರೆ ಗೂಡಿನ ಬೆಲೆ ನಿರ್ಧಾರವಾಗುವುದು ಆ ಮೂರು ದಿನಗಳಲ್ಲಿಯೇ. ಗೂಡು ಕಟ್ಟುವ ಮುನ್ನ ಹುಳು ಮೂತ್ರ ಬಿಡುತ್ತದೆ, ನೂಲೂ ಹಸಿಯಾಗಿ ಬರುತ್ತದೆ. ಆಗ ಆರ್ದ್ರತೆ 60–65ರಲ್ಲಿರಬೇಕು. ಹೆಚ್ಚಾದರೆ ನೂಲಿನ ಅಂಟು ಬೇಗ ಆರದೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು, ಬಿಚ್ಚುವಾಗ ತುಂಡಾಗುತ್ತವೆ. ಮಾರುಕಟ್ಟೆಯಲ್ಲಿ ರೀಲರು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ ಬೆಲೆ ಕೂಗುತ್ತಾನೆ. ಈ ವರ್ಷ ನಮ್ಮ ಚಂದ್ರಿಕೆಗಳು ಕೋಣೆಯಲ್ಲಿಲ್ಲ; ಮೂರು ಕಡೆ ಬಲೆ ಕಟ್ಟಿದ ಜಗಲಿಯಲ್ಲಿವೆ. ಕಟ್ಟಿಸಿದ್ದು ನಮ್ಮ ತಾಯಿ.