ಸಾಯಲೊಲ್ಲದ ಜೀವಕೋಶ

ಕೆಟ್ಟುಹೋದ ಜೀವಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವ ಏರ್ಪಾಡು ನಮ್ಮ ದೇಹದಲ್ಲಿದೆ. 1972ರಲ್ಲಿ ವಿಜ್ಞಾನಿಗಳು ಇದನ್ನು ‘ಅಪೊಪ್ಟೋಸಿಸ್’ ಎಂದು ಕರೆದರು. ಜೀವಕೋಶ ಸಾಯಬೇಕೋ ಬೆಳೆಯಬೇಕೋ ಎಂಬ ನಿರ್ಧಾರದಲ್ಲಿ ಅದರ ಪೊರೆಯಲ್ಲಿರುವ ಸ್ಫಿಂಗೋಲಿಪಿಡ್ ಎಂಬ ಕೊಬ್ಬಿನ ಪಾತ್ರ ದೊಡ್ಡದು.

ಈ ಗುಂಪಿನ ಸೆರಮೈಡ್ ಹೆಚ್ಚಾದರೆ, ಸಾಮಾನ್ಯವಾಗಿ, ಜೀವಕೋಶದ ಬೆಳವಣಿಗೆ ನಿಂತು ಅದು ಸಾಯುತ್ತದೆ. ಅದೇ ಸೆರಮೈಡ್ ಒಡೆದು ಸ್ಫಿಂಗೋಸಿನ್-1-ಫಾಸ್ಫೇಟ್ ಆದರೆ, ಬದುಕಿ ಬೆಳೆಯಲು ಸೂಚನೆ ಸಿಗುತ್ತದೆ. ಇವೆರಡೂ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಬೆಳವಣಿಗೆಯ ಕಡೆಗೇ ವಾಲಿದರೆ, ಸಾಯಬೇಕಾದ ಜೀವಕೋಶ ಉಳಿದು ಗಡ್ಡೆ ಬೆಳೆಯಲು ದಾರಿಯಾಗುತ್ತದೆ. ತಲೆ, ಕತ್ತಿನ ಭಾಗದ ಹಲವು ಕ್ಯಾನ್ಸರ್ ಗಡ್ಡೆಗಳಲ್ಲಿ ಒಂದು ಬಗೆಯ ಸೆರಮೈಡ್ ಕಡಿಮೆಯಿರುವುದು ಕಂಡುಬಂದಿದೆ. ವಿಕಿರಣ ಚಿಕಿತ್ಸೆ ಹಾಗೂ ಕ್ಯಾನ್ಸರಿನ ಕೆಲವು ಔಷಧಿಗಳು ಸೆರಮೈಡನ್ನು ಹೆಚ್ಚಿಸುತ್ತವೆ.

ಕರ್ಕಿ, ಹೊನ್ನಾವರ, ಕುಮಟಾ ಕಡೆಯವರಿಗೆ ಇದು ದೂರದ ಸಂಗತಿಯಲ್ಲ. ಊಟವಾದ ಮೇಲೆ ಕವಳ ಹಾಕುವುದು ನಮ್ಮಲ್ಲಿ ರೂಢಿ. ತಂಬಾಕಷ್ಟೇ ಅಲ್ಲ, ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಇವು ಬಾಯಿಯ ಜೀವಕೋಶಗಳನ್ನು ದಿನದಿನವೂ ಕೆಡಿಸುತ್ತವೆ. ಕೆಟ್ಟದ್ದು ಸಾಯದೆ ಉಳಿದರೆ ಅಪಾಯ. ತಂಬಾಕಿಲ್ಲದ ಕವಳ ನಿರಪಾಯ ಎಂಬ ನಂಬಿಕೆ ಬಿಡಿ.

ಸೆರಮೈಡನ್ನು ಮನೆಯಲ್ಲಿ ಅಳೆಯಲಾಗದು. ಆದರೆ ಬಾಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬಹುದು. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಬಾಯಿ ತೆರೆಯಲು ಬಿಗಿತ, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಿ. ನೋವಿಲ್ಲವೆಂದು ಸುಮ್ಮನಿರಬೇಡಿ, ಆರಂಭದಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ. ಬೇಗ ಪತ್ತೆಯಾದ ಬಾಯಿಯ ಕ್ಯಾನ್ಸರನ್ನು ಗುಣಪಡಿಸುವ ಸಾಧ್ಯತೆ ಬಹಳ ಹೆಚ್ಚು. ಕವಳದ ಸಂಚಿಯನ್ನು ದೂರವಿಡುವುದು ಅದಕ್ಕಿಂತಲೂ ಒಳ್ಳೆಯದು.