ಬಲಿಷ್ಠ ನೆರೆಯ ಪಕ್ಕದಲ್ಲಿ: ವಿಯೆಟ್ನಾಂ ಕಲಿತ ಪಾಠ

ಪಕ್ಕದ ಮನೆಯವರ ಕಾಟ ತಡೆಯೋಕಾಗಲ್ಲ ಅಂದ್ರೆ ನಾವು ಮನೆ ಬದಲಾಯಿಸಬಹುದು. ದೇಶಕ್ಕೆ ಆ ಅನುಕೂಲ ಇಲ್ಲ. ಹಾಗಾದರೆ ನೆರೆಯ ದೇಶ ವರ್ಷದಿಂದ ವರ್ಷಕ್ಕೆ ಬಲಿಯುತ್ತಾ ಹೋದಾಗ ಮಧ್ಯಮ ಶಕ್ತಿಯ ದೇಶವೊಂದು ಏನು ಮಾಡಬೇಕು?

ಸಾಮಾನ್ಯವಾಗಿ ಎರಡು ದಾರಿ ಹೇಳುತ್ತಾರೆ. ಬೇರೆ ಬಲಿಷ್ಠರ ಜೊತೆ ಸೇರಿ ಎದುರು ನಿಲ್ಲೋದು, ಇಲ್ಲವೇ ಆ ನೆರೆಯ ಪಕ್ಷವನ್ನೇ ಸೇರೋದು. ವಿಯೆಟ್ನಾಂ ಮೊದಲನೆಯದನ್ನು ಪ್ರಯತ್ನಿಸಿ ನೋಡಿತ್ತು. 1978ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಫೆಬ್ರವರಿಯಲ್ಲಿ ಚೀನಾ ಸೇನೆ ಗಡಿ ದಾಟಿ ಬಂತು. ಸೋವಿಯತ್ ನೆರವು ಕೊಟ್ಟಿತು, ಆದರೆ ತಾನು ಯುದ್ಧಕ್ಕಿಳಿಯಲಿಲ್ಲ. 1988ರಲ್ಲಿ ಸ್ಪ್ರಾಟ್ಲಿ ದ್ವೀಪಗಳ ಬಳಿ 64 ವಿಯೆಟ್ನಾಂ ಯೋಧರು ಸತ್ತಾಗಲೂ ಅಷ್ಟೇ. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯ್ತು. ಇಡೀ ಸ್ಲ್ಯಾಬಿನ ಭಾರವನ್ನು ಒಂದೇ ಕಂಬದ ಮೇಲೆ ಹಾಕಿದರೆ ಏನಾಗುತ್ತೆ ಅನ್ನೋದು ನಮಗೆ ಗೊತ್ತೇ ಇದೆ.

ಆಮೇಲೆ ವಿಯೆಟ್ನಾಂ ಭಾರವನ್ನು ಹಂಚತೊಡಗಿತು. 1991ರಲ್ಲಿ ಚೀನಾ ಜೊತೆ ಸಂಬಂಧ ಸರಿಪಡಿಸಿಕೊಂಡಿತು. 1995ರಲ್ಲಿ ಹಳೆಯ ಶತ್ರು ಅಮೆರಿಕದ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿತು, ಅದೇ ವರ್ಷ ಆಸಿಯಾನ್ ಸೇರಿತು. ರಷ್ಯಾದಿಂದ 6 ಕಿಲೋ ದರ್ಜೆಯ ಜಲಾಂತರ್ಗಾಮಿಗಳನ್ನು ಕೊಂಡಿತು. ನಮ್ಮ ಐಎನ್‌ಎಸ್ ಕೃಪಾಣ್ ಯುದ್ಧನೌಕೆಯೂ 2023ರಲ್ಲಿ ಅವರ ಕೈಸೇರಿತು. ಹೀಗೆ ಯಾರೊಬ್ಬರ ಮೇಲೂ ಪೂರ್ತಿ ಆತುಕೊಳ್ಳದೆ, ಕೆಟ್ಟ ದಿನಕ್ಕೂ ತಯಾರಿರೋ ಈ ನೀತಿಗೆ ಹೆಡ್ಜಿಂಗ್ ಅಂತಾರೆ.

ಇದಕ್ಕೆ ಲಿಖಿತ ನಿಯಮವೂ ಇದೆ. 2019ರ ರಕ್ಷಣಾ ಶ್ವೇತಪತ್ರದಲ್ಲಿ ನಾಲ್ಕು 'ಇಲ್ಲ'ಗಳಿವೆ: ಸೇನಾ ಮೈತ್ರಿಕೂಟ ಸೇರೋದಿಲ್ಲ, ಒಂದು ದೇಶದ ವಿರುದ್ಧ ಇನ್ನೊಂದರ ಪಕ್ಷ ವಹಿಸೋದಿಲ್ಲ, ವಿದೇಶಿ ಸೇನಾನೆಲೆಗೆ ಜಾಗ ಕೊಡೋದಿಲ್ಲ, ಬಲಪ್ರಯೋಗ ಮಾಡೋದಿಲ್ಲ, ಆ ಬೆದರಿಕೆಯನ್ನೂ ಹಾಕೋದಿಲ್ಲ.

ಇದು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಲ್ಲವೇ ಅಂತ ಕೇಳಬಹುದು. 2014ರ ಮೇ ತಿಂಗಳ ಘಟನೆ ನೋಡೋಣ. ವಿಯೆಟ್ನಾಂ ತನ್ನದೆನ್ನುವ ಸಮುದ್ರದಲ್ಲಿ ಚೀನಾ ಎಣ್ಣೆ ಕೊರೆಯೋ ರಿಗ್ ತಂದು ನಿಲ್ಲಿಸಿತು. ವಿಯೆಟ್ನಾಂ ಕರಾವಳಿ ಕಾವಲು ಹಡಗುಗಳನ್ನು ಕಳಿಸಿ ಅಡ್ಡ ನಿಂತಿತು, ಮಾತುಕತೆಯ ಬಾಗಿಲನ್ನೂ ಮುಚ್ಚಲಿಲ್ಲ. ಜುಲೈನಲ್ಲಿ ರಿಗ್ ವಾಪಸ್ ಹೋಯ್ತು. 2023ರ ಸೆಪ್ಟೆಂಬರಿನಲ್ಲಿ ಬೈಡನ್, ಡಿಸೆಂಬರಿನಲ್ಲಿ ಷಿ ಜಿನ್‌ಪಿಂಗ್, ಇಬ್ಬರೂ ಹನೋಯ್‌ಗೆ ಬಂದರು.

ಆದರೆ ಇದು ಪುಕ್ಕಟೆ ಸಿಗೋದಲ್ಲ. ಯುದ್ಧವೇ ಬಂದರೆ ನೆರವಿಗೆ ಬರಲೇಬೇಕಾದ ಮಿತ್ರರಾಷ್ಟ್ರ ವಿಯೆಟ್ನಾಂಗಿಲ್ಲ. ಕಾರ್ಖಾನೆಗಳಿಗೆ ಬಿಡಿಭಾಗ ಬರೋದು ಹೆಚ್ಚಾಗಿ ಚೀನಾದಿಂದ, ಅತಿ ದೊಡ್ಡ ರಫ್ತು ಮಾರುಕಟ್ಟೆ ಅಮೆರಿಕ. ಇವರಿಬ್ಬರ ಜಗಳ ಜೋರಾದಷ್ಟೂ ನಡುವೆ ನಿಲ್ಲೋಕೆ ಜಾಗ ಕಿರಿದಾಗುತ್ತೆ. ಹಾಗಾಗಿ ಇನ್ನು ಮುಂದೆ ಇಂಥ ದೇಶದ ಸುದ್ದಿ ಓದುವಾಗ 'ಇವರು ಯಾರ ಕಡೆ?' ಅನ್ನೋದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ: ಒಂದು ಕಂಬ ಕುಸಿದರೆ ಉಳಿದವು ಎಷ್ಟು ಭಾರ ಹೊರುತ್ತವೆ?