ಹಿತ್ತಲಲ್ಲಿ ಹುಳು ನೋಡುವ ಮಕ್ಕಳು

ರಜೆ ಬಂತೆಂದರೆ ಮಕ್ಕಳು ಹೊತ್ತು ಕಳೆಯುವುದು ಟಿ.ವಿ. ಇಲ್ಲವೆ ಮೊಬೈಲ್ ಮುಂದೆ. ಬೈದರೂ ಪ್ರಯೋಜನ ಅಷ್ಟಕ್ಕಷ್ಟೆ. ಒಂದು ಬೆಳಿಗ್ಗೆ ಅದೇ ಮೊಬೈಲನ್ನು ಕೈಗೆ ಕೊಟ್ಟು ಮಗುವನ್ನು ಹಿತ್ತಲಿಗೆ ಕರೆದೊಯ್ಯಿರಿ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಏನಾದರೂ ಅಂಟಿಕೊಂಡಿದೆಯೇ ನೋಡಿ. ಎಷ್ಟೋ ಸಲ ಅದು ನಿಂಬೆ ಚಿಟ್ಟೆಯ ಎಳೆಯ ಮರಿಹುಳುವಾಗಿರುತ್ತದೆ. ಶತ್ರುಗಳ ಕಣ್ಣು ತಪ್ಪಿಸಲು ಅದಕ್ಕೆ ಈ ವೇಷ. ಬೆಳೆದಂತೆ ಹಸಿರಾಗಿ, ಕೋಶ ಕಟ್ಟಿ, ಕೊನೆಗೆ ಚಿಟ್ಟೆಯಾಗಿ ಹೊರಬರುತ್ತದೆ. ದಿನಕ್ಕೊಂದು ಚಿತ್ರ ತೆಗೆದಿಟ್ಟರೆ ಕೆಲವೇ ವಾರಗಳಲ್ಲಿ ಒಂದು ಜೀವದ ಕಥೆ ಸಿದ್ಧ.

ಕಣ್ಣಿಗೇನು ಲಾಭ?

ಇದರಲ್ಲಿ ಆರೋಗ್ಯದ ಮಾತೇನು ಎಂದು ನೀವು ಕೇಳಬಹುದು. ಹಗಲು ಬೆಳಕಿನಲ್ಲಿ ಹೊರಗೆ ಕಳೆಯುವ ಹೊತ್ತು ಮಕ್ಕಳ ಕಣ್ಣನ್ನು ಸಮೀಪದೃಷ್ಟಿಯಿಂದ ಕಾಪಾಡಲು ನೆರವಾಗುತ್ತದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನವೂ 40 ನಿಮಿಷ ಹೆಚ್ಚಾಗಿ ಹೊರಾಂಗಣ ಚಟುವಟಿಕೆ ನೀಡಲಾಯಿತು. 2015ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಉಳಿದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಸಮೀಪದೃಷ್ಟಿ ಬಂದಿದ್ದರೆ, ಹೊರಗೆ ಆಡಿದವರಲ್ಲಿ ಅದು ಸುಮಾರು 30 ಮಕ್ಕಳಿಗೆ ಬಂದಿತ್ತು. ಆದರೆ ಈಗಾಗಲೇ ಕನ್ನಡಕ ಬಂದಿದ್ದರೆ ಇದರಿಂದ ಅದು ಹೋಗುವುದಿಲ್ಲ, ನೆನಪಿರಲಿ.

ಚಿತ್ರ ತೆಗೆಯುವ ಬಗೆ

ಬಿಸಿಲೇರುವ ಮುನ್ನ ಕೀಟಗಳ ಚುರುಕು ಕಡಿಮೆ. ನಿಮ್ಮ ನೆರಳು ಅವುಗಳ ಮೇಲೆ ಬೀಳದಂತೆ ನಿಧಾನವಾಗಿ ಹತ್ತಿರ ಹೋಗಿ. ಮೊಬೈಲನ್ನು ತೀರಾ ಸನಿಹಕ್ಕೆ ಒಯ್ದರೆ ಚಿತ್ರ ಮಸುಕಾಗುತ್ತದೆ. ಒಂದು ಗೇಣು ದೂರದಿಂದ ತೆಗೆದು, ಆಮೇಲೆ ಬೇಕಾದಷ್ಟನ್ನು ಕತ್ತರಿಸಿಕೊಳ್ಳಿ. ಜೇನು, ಕಣಜಗಳ ಗೂಡಿನ ಬಳಿಗೆ ಮಾತ್ರ ಹೋಗಲೇಬೇಡಿ.

ಮುಟ್ಟಬಾರದವು

ನುಗ್ಗೆ ಮರದ ಕಾಂಡಕ್ಕೆ ಗುಂಪಾಗಿ ಅಂಟಿರುವ ಕಂಬಳಿಹುಳುಗಳ ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಅವುಗಳ ರೋಮ ಚರ್ಮಕ್ಕೆ ತಾಗಿದರೆ ತುರಿಕೆ, ದದ್ದು. ತಾಗಿದ ಜಾಗವನ್ನು ಉಜ್ಜಬೇಡಿ. ಅಂಟು ಟೇಪನ್ನು ಒತ್ತಿ ಕಿತ್ತು ರೋಮ ತೆಗೆದು, ಸೋಪು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ನೇತ್ರ ವೈದ್ಯರ ಬಳಿಗೆ ಹೋಗಬೇಕು. ಎಕ್ಕದ ಗಿಡದಲ್ಲಿ ಬಣ್ಣಬಣ್ಣದ ಮಿಡತೆ ಸಿಗುತ್ತದೆ, ನಿಜ. ಆದರೆ ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿ. ಅದರ ಎಲೆ ಮುರಿಯಬೇಡಿ.

ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಇರುವೆಯಂತೆ ಕಾಣುವ ಕಿತ್ತಳೆ-ಕಪ್ಪು ಬಣ್ಣದ ಪುಟ್ಟ ಕೀಟವೊಂದಿದೆ. ಅದು ಕಚ್ಚುವುದಿಲ್ಲ. ಮೈಮೇಲೆ ಹೊಸಕಿದರೆ ಮಾತ್ರ ಅದರ ರಸದಿಂದ ಮರುದಿನ ಸುಟ್ಟಂತಹ ಗುಳ್ಳೆ ಏಳುತ್ತದೆ. ಬಾಯಿಂದ ಊದಿ ಹಾರಿಸಿ, ಆ ಜಾಗವನ್ನು ತೊಳೆದುಕೊಳ್ಳಿ.

ಜೇನುನೊಣ ಚುಚ್ಚಿದರೆ ಮುಳ್ಳನ್ನು ಬೇಗನೆ ತೆಗೆದು ತಣ್ಣೀರಿನ ಬಟ್ಟೆ ಇಡಿ. ಉಸಿರಾಟಕ್ಕೆ ತೊಂದರೆ, ತುಟಿ-ಮುಖದ ಊತ, ತಲೆಸುತ್ತು ಕಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನೀರಿನಲ್ಲಿ ಕುಣಿಯುವ ಹುಳು

ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಹಳೆಯ ಟಯರುಗಳ ನೀರನ್ನು ಮಗು ಗಮನವಿಟ್ಟು ನೋಡಲಿ. ಬಳುಕುತ್ತಾ ಮೇಲೆ ಬಂದು ತಲೆಕೆಳಗಾಗಿ ನೇತಾಡುವ ಹುಳುಗಳು ಕಂಡರೆ ಅವು ಸೊಳ್ಳೆಯ ಮರಿಗಳು. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಇಂತಹ ನಿಂತ ನೀರಿನಲ್ಲೇ. ಅದರ ಕಾಲುಗಳ ಮೇಲೆ ಬಿಳಿ ಪಟ್ಟೆಗಳಿರುತ್ತವೆ, ಕಚ್ಚುವುದು ಹಗಲಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಚಿತ್ರ ತೆಗೆದುಕೊಂಡು ನೀರು ಚೆಲ್ಲಿ, ಪಾತ್ರೆ ಉಜ್ಜಿ ಬೋರಲು ಹಾಕಿ. ವಾರಕ್ಕೊಮ್ಮೆ ಈ ತಪಾಸಣೆಯನ್ನು ಮಗುವಿಗೇ ಒಪ್ಪಿಸಬಹುದು.

ಹಾವು ಕಂಡರೆ

ಚಿತ್ರದ ಆಸೆಗೆ ಹಾವಿನ ಹತ್ತಿರ ಹೋಗಬಾರದು. ಹಿಂದಕ್ಕೆ ಸರಿದು ಅದಕ್ಕೆ ದಾರಿ ಬಿಡಿ. ಕಚ್ಚಿದ್ದರೆ ಹಾವನ್ನು ಹಿಡಿದೋ ಕೊಂದೋ ತರಬೇಕಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ. ದೂರದಿಂದ ತೆಗೆದ ಚಿತ್ರ ಮೊದಲೇ ಇದ್ದರೆ ವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ಅದಕ್ಕಾಗಿ ಹೊತ್ತು ಕಳೆಯಬೇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಸಲ್ಲದು. ರೋಗಿಯನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ.

ಹಿತ್ತಲಿಗೆ ಹೊರಟಾಗ ಮಕ್ಕಳ ಕಾಲಿಗೆ ಬೂಟು, ಮೈಗೆ ತುಂಬುದೋಳಿನ ಅಂಗಿ ಇರಲಿ. ಕಲ್ಲು, ಸೌದೆ ರಾಶಿಯ ಸಂದಿಗೆ ಕೈ ಹಾಕದಿರಲಿ. ಒಳಗೆ ಬಂದೊಡನೆ ಕೈಕಾಲು ತೊಳೆಯಲಿ. ಚಿಕ್ಕವರ ಜೊತೆಗೆ ಮನೆಯ ಹಿರಿಯರೊಬ್ಬರು ಇದ್ದೇ ಇರಬೇಕು.